ಗೃಹಸಾಲ ತರುವವನಿಗೆ ಪರವಾನಗಿ ಉಂಟೆ?

ರಕ್ತದೊತ್ತಡ, ಮಧುಮೇಹಗಳ ಕುರಿತು ವೈದ್ಯಮಿತ್ರರು ಬರೆಯುವ ಸ್ಮರಣ ಸಂಚಿಕೆಯಲ್ಲಿ ಸಾಲದ ವಿಷಯವೇಕೆ ಎಂದು ಓದುಗರು ಕೇಳಬಹುದು. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲವೊಂದು ಹದಗೆಟ್ಟರೆ ರಕ್ತದೊತ್ತಡ ಏರುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಮುಂಬಯಿಯ ಚಾಳುಗಳಲ್ಲಿಯೂ ಹೋಟೆಲುಗಳ ಮಾಳಿಗೆಗಳಲ್ಲಿಯೂ ದಿನ ಕಳೆದ ನಮ್ಮ ಹಿರಿಯರಲ್ಲಿ ಅನೇಕರು ಸ್ವಂತ ಸೂರಿನ ಆಸೆಯಿಂದ ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಬಂದರು. ಊರಿನ ಪಾಲಿನ ಜಮೀನನ್ನೋ ಮನೆಯಾಕೆಯ ಒಡವೆಯನ್ನೋ ಮಾರಿ ಎರಡು ಕೋಣೆಯ ಮನೆ ಮಾಡಿಕೊಂಡರು. ಅವರ ಮಕ್ಕಳ ಕಾಲಕ್ಕೆ ಗೃಹಸಾಲವೇ ರೂಢಿಯಾಗಿದೆ. ಆ ಸಾಲವನ್ನು ನಮ್ಮ ಬಾಗಿಲಿಗೆ ತರುವವನು ಅನೇಕ ಸಲ ಬ್ಯಾಂಕಿನ ನೌಕರನಲ್ಲ. ಬಿಲ್ಡರನ ಕಚೇರಿಯಲ್ಲಿ ಮೇಜು ಹಾಕಿಕೊಂಡು ಕುಳಿತ ಏಜೆಂಟ. ಬ್ಯಾಂಕಿನ ಭಾಷೆಯಲ್ಲಿ ಅವನಿಗೆ ಡಿ.ಎಸ್.ಎ., ಅಂದರೆ ಡೈರೆಕ್ಟ್ ಸೆಲ್ಲಿಂಗ್ ಏಜೆಂಟ್ ಎಂದು ಹೆಸರು.

ಜೀವವಿಮೆ ಮಾರುವ ಏಜೆಂಟನು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಮ್ಯೂಚುವಲ್ ಫಂಡ್ ಮಾರುವವನೂ ಪರೀಕ್ಷೆ ಕೊಟ್ಟು ನೋಂದಣಿ ಸಂಖ್ಯೆ ಪಡೆದಿರಬೇಕು. ಫ್ಲ್ಯಾಟು ತೋರಿಸುವ ಏಜೆಂಟನಿಗೆ 2016ರ ರೇರಾ ಕಾಯಿದೆಯ 9ನೆಯ ಕಲಮಿನಂತೆ ನೋಂದಣಿ ಕಡ್ಡಾಯ. ಮಹಾರಾಷ್ಟ್ರದಲ್ಲಿ 2023ರಿಂದ ಅವನಿಗೂ ತರಬೇತಿ ಹಾಗೂ ಪರೀಕ್ಷೆಯನ್ನು ವಿಧಿಸಲಾಗಿದೆ. ಆದರೆ ಇವೆಲ್ಲಕ್ಕಿಂತ ದೊಡ್ಡ ಮೊತ್ತದ ಗೃಹಸಾಲವನ್ನು ಕುದುರಿಸುವವನಿಗೆ ಸರಕಾರವು ಅವನ ಹೆಸರಿನಲ್ಲಿ ಕೊಡುವ ಪರವಾನಗಿ ಎಂಬುದೇ ನಮ್ಮಲ್ಲಿಲ್ಲ.

ಅಮೆರಿಕೆಯಲ್ಲಿಯೂ ಹಿಂದೆ ಹೆಚ್ಚುಕಡಿಮೆ ಇದೇ ಸ್ಥಿತಿ ಇತ್ತು. ಕೆಲವು ರಾಜ್ಯಗಳಲ್ಲಿ ನಿಯಮವಿತ್ತು, ಕೆಲವೆಡೆ ಹೆಸರಿಗೆ ಮಾತ್ರ. ತೀರಿಸಲಾರದವರಿಗೂ ಸಾಲ ಹೊರಿಸಿ, ಆದಾಯವನ್ನು ಹಿಗ್ಗಿಸಿ ಬರೆದು ದಲಾಲಿ ಪಡೆದ ಮಧ್ಯವರ್ತಿಗಳ ಪಾಲೂ ಅಲ್ಲಿನ ಗೃಹಸಾಲದ ಕುಸಿತದಲ್ಲಿತ್ತು. ಅದರಿಂದಾಗಿ 2008ರ ಜುಲೈ 30ರಂದು ‘ಸೇಫ್ ಆಕ್ಟ್’ ಎಂಬ ಕಾಯಿದೆ ಬಂದಿತು. ಅದರಂತೆ ಪರವಾನಗಿ ಬಯಸುವವನು 20 ತಾಸು ಪಾಠ ಕೇಳಬೇಕು, ಪರೀಕ್ಷೆಯಲ್ಲಿ ಶೇಕಡಾ 75 ಅಂಕ ಪಡೆಯಬೇಕು, ಬೆರಳಚ್ಚು ಕೊಡಬೇಕು. ಆಮೇಲೆ ಪ್ರತಿವರ್ಷ 8 ತಾಸು ಮತ್ತೆ ಓದಬೇಕು. ಪ್ರತಿಯೊಬ್ಬನಿಗೂ ಜೀವಮಾನದುದ್ದಕ್ಕೂ ಬದಲಾಗದ ಒಂದು ಸಂಖ್ಯೆ. ಬ್ಯಾಂಕಿನ ನೌಕರರಿಗೆ ಮಾತ್ರ ಪರೀಕ್ಷೆಯಿಲ್ಲ, ನೋಂದಣಿ ಸಾಕು. ಬ್ಯಾಂಕಿನವನಾದ ನನಗೂ ಈ ರಿಯಾಯಿತಿ ಅಷ್ಟು ನ್ಯಾಯವಾಗಿ ತೋರುವುದಿಲ್ಲ.

ನಮ್ಮ ದೇಶದ ಹಾದಿ ಬೇರೆ. ಏಜೆಂಟನನ್ನು ಹಿಡಿಯುವ ಬದಲು ಅವನನ್ನು ನೇಮಿಸಿದವರನ್ನು ಹಿಡಿಯುವುದು ಇಲ್ಲಿಯ ಪದ್ಧತಿ. ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಹೊಣೆ ಬ್ಯಾಂಕಿನದೇ. ಸಾಲ ಮಂಜೂರು ಮಾಡುವ ನಿರ್ಧಾರವನ್ನು ಯಾವ ಏಜೆಂಟನಿಗೂ ಬಿಟ್ಟುಕೊಡತಕ್ಕದ್ದಲ್ಲ. ರಿಸರ್ವ್ ಬ್ಯಾಂಕು 2006ರ ನವೆಂಬರಿನಲ್ಲಿ ಹಾಕಿಕೊಟ್ಟ ಈ ತತ್ತ್ವ ಇಂದಿಗೂ ನಿಂತಿದೆ. 2019ರ ಆಗಸ್ಟಿನಿಂದ ಗೃಹಸಾಲ ಕಂಪನಿಗಳ ನಿಯಂತ್ರಣವೂ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಕೈಯಿಂದ ರಿಸರ್ವ್ ಬ್ಯಾಂಕಿಗೆ ಬಂದುದರಿಂದ, ಆ ಕಂಪನಿಗಳ ಏಜೆಂಟರಿಗೂ ನಡತೆಯ ಸಂಹಿತೆಯುಂಟು.

ಆದುದರಿಂದ “ಸ್ಯಾಂಕ್ಷನ್ ನನ್ನ ಕೈಯಲ್ಲಿದೆ, ಚಿಂತೆ ಬೇಡ” ಎನ್ನುವವನು ಇಲ್ಲದ ಅಧಿಕಾರವನ್ನು ಹೇಳಿಕೊಳ್ಳುತ್ತಿದ್ದಾನೆ. ಅವನ ಸಂಭಾವನೆಯನ್ನು ಸಾಲ ಕೊಡುವ ಸಂಸ್ಥೆಯೇ, ಸಾಮಾನ್ಯವಾಗಿ ಬಟವಾಡೆಯಾದ ಮೊತ್ತದ ಮೇಲೆ, ಕೊಡುತ್ತದೆ. ಸಾಲ ದೊಡ್ಡದಾದಷ್ಟೂ ಅವನಿಗೆ ಲಾಭವೆಂಬುದನ್ನು ನೆನಪಿನಲ್ಲಿಟ್ಟರೆ ಅವನ ಉತ್ಸಾಹದ ಕಾರಣವೂ ಹೊಳೆಯುತ್ತದೆ. “ನೂರಕ್ಕೆ ನೂರು ಸಾಲ” ಎಂಬ ಮಾತನ್ನೇ ನೋಡೋಣ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇಕಡಾ 90, ಅಲ್ಲಿಂದ 75 ಲಕ್ಷದವರೆಗೆ 80, ಅದಕ್ಕೂ ಮೇಲೆ 75 ಎಂಬುದು ರಿಸರ್ವ್ ಬ್ಯಾಂಕು ಹಾಕಿದ ಮಿತಿ. 50 ಲಕ್ಷದ ಮನೆಗೆ 40 ಲಕ್ಷ ಸಿಕ್ಕೀತು. ಉಳಿದ 10 ಲಕ್ಷವೂ, ಅದರ ಮೇಲೆ ಸ್ಟಾಂಪು ಹಾಗೂ ನೋಂದಣಿಯ ಖರ್ಚೂ ನಮ್ಮ ಕೈಯಿಂದಲೇ. ಕರಾರಿನಲ್ಲಿ ಬೆಲೆಯನ್ನು ಏರಿಸಿ ಬರೆದು ಈ ಅಂತರವನ್ನು ಮುಚ್ಚುವ ಉಪಾಯ ಯಾರಾದರೂ ಸೂಚಿಸಿದರೆ ಅಲ್ಲಿಂದ ಎದ್ದು ಬರುವುದು ಲೇಸು. ಆ ಸುಳ್ಳಿನ ಕೆಳಗಿನ ಸಹಿ ಏಜೆಂಟನದಲ್ಲ, ನಮ್ಮದು.

ಪರವಾನಗಿಗೂ ಒಂದು ಮಿತಿಯುಂಟೆಂಬುದನ್ನು ನಮ್ಮ ಕಲ್ಯಾಣ-ಡೊಂಬಿವಲಿಯೇ ತೋರಿಸಿಕೊಟ್ಟಿದೆ. ಮಹಾನಗರಪಾಲಿಕೆಯ ನಕಲಿ ಅನುಮತಿಪತ್ರಗಳನ್ನು ತೋರಿಸಿ 65 ಕಟ್ಟಡಗಳಿಗೆ ಮಹಾರೇರಾ ನೋಂದಣಿ ಪಡೆದ ಪ್ರಕರಣವು 2022ರಲ್ಲಿ ಬಯಲಾಯಿತು. ನೋಂದಣಿ ಸಂಖ್ಯೆ ನಿಜವಾದುದು, ಅದರ ಆಧಾರ ಸುಳ್ಳು. ಆ ಸಂಖ್ಯೆಯನ್ನು ನಂಬಿ ಸಾಲ ಮಾಡಿ ಮನೆ ಕೊಂಡ ಕುಟುಂಬಗಳಿದ್ದವು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಈ ಅನಧಿಕೃತ ಕಟ್ಟಡಗಳನ್ನು ಕೆಡವಬೇಕೆಂದು ಆದೇಶಿಸಿತು. ಕಟ್ಟಡ ಅನಧಿಕೃತವಾದರೂ ಸಾಲ ಅಧಿಕೃತವೇ, ಕಂತು ನಿಲ್ಲುವುದಿಲ್ಲ.

“ಬ್ಯಾಂಕು ಸಾಲ ಕೊಟ್ಟಿದೆ, ಹಾಗಾದರೆ ಕಾಗದಪತ್ರ ಸರಿಯೇ ಇರಬೇಕು” ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಬ್ಯಾಂಕಿನ ವಕೀಲರು ಬರೆಯುವ ವರದಿ ಬ್ಯಾಂಕಿನ ಭದ್ರತೆಗಾಗಿ ಬರೆದದ್ದು. ಅದು ಕೊಳ್ಳುವವನಿಗೆ ಕೊಟ್ಟ ಖಾತರಿಯಲ್ಲ. ಸಾತ್‌ಬಾರಾ ಉತಾರ, ಬಿನ್‌ಶೇತಿ ಆದೇಶ, ಕಾಮಗಾರಿ ಆರಂಭಿಸಲು ಕೊಟ್ಟ ಸಿ.ಸಿ., ಕಟ್ಟಡ ಮುಗಿದಿದ್ದರೆ ಓ.ಸಿ. — ಇವುಗಳನ್ನು ನಮ್ಮದೇ ವಕೀಲರಿಗೆ ತೋರಿಸಬೇಕು. ಸಿ.ಸಿ.ಯ ಸಂಖ್ಯೆಯನ್ನು ಪಾಲಿಕೆಯ ನಗರರಚನಾ ವಿಭಾಗದಲ್ಲಿಯೇ ವಿಚಾರಿಸಬೇಕು. ಅರ್ಧ ದಿನದ ರಜೆ ಹಾಕಬೇಕಾದೀತು, ಅಷ್ಟೆ. ನವಿ ಮುಂಬಯಿಯ ಮಾತು ಸ್ವಲ್ಪ ಬೇರೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಅಲ್ಲಿಯ ಬಹುಪಾಲು ನಿವೇಶನಗಳನ್ನು ಗುತ್ತಿಗೆಯ ಮೇಲೆ ಕೊಟ್ಟಿರುವುದರಿಂದ, ಅಂಥ ನಿವೇಶನದ ಮನೆಯನ್ನು ಅಡವಿಡಲು ಅದರ ನಿರಾಕ್ಷೇಪಣಾ ಪತ್ರವೂ ಬೇಕಾಗುತ್ತದೆ. ಏಜೆಂಟನು “ಅದು ಆಮೇಲೆ ನೋಡೋಣ” ಎಂದರೆ ಒಪ್ಪಬೇಡಿ.

ಇನ್ನು ಕೇಳಲೇಬೇಕಾದ ಕಾಗದ ಒಂದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ, ಅವನಿಗೆ ತಿಳಿಯುವ ಭಾಷೆಯಲ್ಲಿ, ಕೊಡತಕ್ಕದ್ದು. ಬಡ್ಡಿ ಮಾತ್ರವಲ್ಲದೆ ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಗೃಹಸಾಲದಂಥ ದೀರ್ಘಾವಧಿಯ ಸಾಲಕ್ಕೆ ಈ ಪತ್ರ ಕನಿಷ್ಠ ಮೂರು ಕೆಲಸದ ದಿನ ಜಾರಿಯಲ್ಲಿರಬೇಕು. ಮನೆಗೆ ಒಯ್ದು, ತಿಳಿದವರೊಬ್ಬರಿಗೆ ತೋರಿಸಲು ಆ ಮೂರು ದಿನಗಳು ಸಾಕು. “ಇಂದೇ ಸಹಿ ಮಾಡಿ” ಎಂದು ಅವಸರಪಡಿಸಲು ಏಜೆಂಟನಿಗೆ ಯಾವ ಆಧಾರವೂ ಇಲ್ಲ.

ಅವನು ‘ಫೈಲ್ ಚಾರ್ಜು’ ಎಂದು ನಗದು ಕೇಳಿದರೆ ಕೊಡಬೇಕಾಗಿಲ್ಲ. ಸಂಸ್ಕರಣ ಶುಲ್ಕವನ್ನು ಸಂಸ್ಥೆಯ ಹೆಸರಿನಲ್ಲಿ, ಅದರ ಖಾತೆಗೇ ಸಲ್ಲಿಸಿ ರಸೀದಿ ಪಡೆಯಬೇಕು. ದೂರಿದ್ದರೆ ಮೊದಲು ಸಂಸ್ಥೆಗೇ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕಿನ ವಿರುದ್ಧ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೂ, ಗೃಹಸಾಲ ಕಂಪನಿಯ ವಿರುದ್ಧ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೂ ದೂರು ಕೊಡಬಹುದು. ಬರೆಯುವಾಗ ಏಜೆಂಟನ ಹೆಸರು, ಅವನ ಗುರುತುಪತ್ರದ ಸಂಖ್ಯೆ ಹಾಗೂ ಅವನು ಮಾತು ಕೊಟ್ಟ ದಿನಾಂಕ, ಈ ಮೂರನ್ನೂ ನಮೂದಿಸಿರಬೇಕು.