ಇಳಿಜಾರೂ ಪಾದರಕ್ಷೆಯೂ

ಗುಂಡ್ಲುಪೇಟೆಯ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ಸುಮಾರು 1,450 ಮೀಟರು. ಅಲ್ಲಿನ ‘ಹಿಮ’ವು ಬರಿಯ ಮಂಜು. ಆದರೂ ಅಂತಹ ಬೆಟ್ಟದ ಇಳಿಜಾರಿನಲ್ಲಿ ನಡೆಯುವಾಗ ನಮ್ಮ ಪಾದವು ಬೂಟಿನೊಳಗೆ ಮುಂದಕ್ಕೆ ಸರಿದು ಬೆರಳುಗಳು ನೋಯುತ್ತವೆ. ಇದಕ್ಕೆ ಕಾರಣವೇನು? 30 ಡಿಗ್ರಿ ಇಳಿಜಾರಿನಲ್ಲಿ ನಮ್ಮ ತೂಕದ ಅರ್ಧದಷ್ಟು ಬಲವು ನಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಲಾಡಿಯನ್ನು ಬಿಗಿದು ಹಿಮ್ಮಡಿಯನ್ನು ನಿಲ್ಲಿಸಿದರೆ ನೋವು ಕಡಮೆಯಾಗುವುದು.

ನಿಜವಾದ ಹಿಮ ಬೀಳುವ ಆಲ್ಪ್ಸ್ ಪರ್ವತಗಳಲ್ಲಿಯೂ ಕಾಶ್ಮೀರದ ಗುಲ್ಮಾರ್ಗಿನಲ್ಲಿಯೂ ‘ಸ್ಕೀ’ ಎಂಬ ನೀಳವಾದ ಹಲಗೆಗಳನ್ನು ಕಾಲಿಗೆ ಕಟ್ಟಿ ಜಾರುತ್ತಾರೆ. ಪರ್ವತವನ್ನು ಏರುವುದಕ್ಕೂ ಒದಗುವ ಸ್ಕೀಗಳಲ್ಲಿ, ಏರುವಾಗ ಬೂಟಿನ ಹಿಮ್ಮಡಿ ಬಿಡುವಾಗಿರುತ್ತದೆ; ಇಳಿಯುವಾಗ ಕೊಂಡಿಯೊಂದು ಅದನ್ನು ಹಲಗೆಗೆ ಬಂಧಿಸುತ್ತದೆ.

ಬಂಧನವು ಭದ್ರವಾಗಿದ್ದರೆ ಸಾಕೆ? ಬಾಗಿಲನ್ನು ತಿರುಗಣಿಯ ಬಳಿ ನೂಕುವುದಕ್ಕಿಂತ ಅಂಚಿನಲ್ಲಿ ನೂಕುವುದು ಸುಲಭವಲ್ಲವೆ? ಅಂತೆಯೇ ಹಲಗೆಯ ತುದಿಯು ಬಂಡೆಗೆ ತಗುಲಿದಾಗ, ಕಾಲಿನಿಂದ 1 ಮೀಟರು ದೂರದಲ್ಲಿ ಅಡ್ಡಲಾಗಿ ಬೀಳುವ 50 ನ್ಯೂಟನ್ ಬಲವು ಕಾಲನ್ನು 50 ನ್ಯೂಟನ್-ಮೀಟರಿನಷ್ಟು ತಿರುಚುತ್ತದೆ. ಬಲವು ಹೆಚ್ಚಿದರೂ ಕೊಂಡಿ ಬಿಡದಿದ್ದರೆ ಮೂಳೆ ಮುರಿದೀತು. ತೀರ ಬೇಗನೆ ಬಿಟ್ಟರೆ ಸವಾರನು ಕಡಿದಾದ ಜಾರಿನಲ್ಲಿ ಉರುಳಿಯಾನು.

ಆದುದರಿಂದ ಪರೀಕ್ಷಾಲಯದಲ್ಲಿ ಬೂಟನ್ನು ಕೊಂಡಿಗೆ ಸಿಕ್ಕಿಸಿ, ಕ್ರಮವಾಗಿ ತಿರುಚುತ್ತ ಹೋಗಿ, ಎಷ್ಟು ಬಲಕ್ಕೆ ಅದು ಬಿಡುವುದೆಂಬುದನ್ನು ಅಳೆಯುತ್ತಾರೆ. ಸವಾರನ ತೂಕ, ಎತ್ತರ, ವಯಸ್ಸು, ನೈಪುಣ್ಯಗಳನ್ನು ನೋಡಿ ಕೊಂಡಿಯ ಬಿಗಿತವನ್ನು ಗೊತ್ತುಮಾಡುತ್ತಾರೆ. ಒಳ್ಳೆಯ ಕೊಂಡಿಯು ಬಿಗಿಯಾಗಿ ಹಿಡಿಯುವುದಷ್ಟೇ ಅಲ್ಲ, ತಕ್ಕ ಕ್ಷಣದಲ್ಲಿ ಬಿಡಲೂ ಬೇಕೆಂಬುದನ್ನು ನಾವು ಇದರಿಂದ ತಿಳಿಯಬಹುದು.