ಬನ್ನೇರುಘಟ್ಟಕ್ಕೆ ಹೊರಟಿದ್ದೀರಾ? ದಿನದ ಕ್ರಮ ಹೀಗಿರಲಿ

ಆನೇಕಲ್ ತಾಲ್ಲೂಕಿನ ನಮಗೆ ಬನ್ನೇರುಘಟ್ಟ ಹಿತ್ತಲ ಗಿಡ. ಊರಿಂದ ನೆಂಟರು ಬಂದಾಗ, ಮಕ್ಕಳ ಪರೀಕ್ಷೆ ಮುಗಿದಾಗ ನೆನಪಾಗುತ್ತದೆ. ನೆನಪಾದ ಮರುದಿನವೇ, ಅದೂ ಭಾನುವಾರ, ತಲೆಸ್ನಾನ ತಿಂಡಿ ಎಲ್ಲ ಮುಗಿಸಿ ಹತ್ತೂವರೆಗೆ ಮನೆ ಬಿಡುತ್ತೇವೆ. ಹನ್ನೆರಡಕ್ಕೆ ಟಿಕೆಟ್ ಸಾಲು, ಒಂದೂವರೆಗೆ ಸಫಾರಿ ಸಾಲು. ಬಸ್ ಹತ್ತುವ ಹೊತ್ತಿಗೆ ಮಗುವಿಗೆ ನಿದ್ದೆ, ಒಳಗೆ ಹುಲಿಗೂ ನಿದ್ದೆ. ಅಕ್ಕನ ಮಕ್ಕಳನ್ನು, ಅತ್ತೆಯವರನ್ನು, ಹಳ್ಳಿಯಿಂದ ಬಂದ ಚಿಕ್ಕಪ್ಪನ ಮನೆಯವರನ್ನು ಕರೆದುಕೊಂಡು ಹಲವು ಸಲ ಹೋಗಿ ಬಂದ ಮೇಲೆ ನನಗೆ ಖಚಿತವಾದದ್ದು ಒಂದೇ: ಯಾವುದನ್ನು ಯಾವ ಹೊತ್ತಿಗೆ ನೋಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡರೆ ಅದೇ ದುಡ್ಡಿಗೆ ಎರಡರಷ್ಟು ನೋಡಬಹುದು.

ಈ ಜಾಗ ಬೆಳೆದ ಬಗೆ ಗೊತ್ತಿದ್ದರೆ ಅನುಕೂಲ. 1970ರ ದಶಕದ ಆರಂಭದಲ್ಲಿ ಇದು ಕಾಡಿನ ಅಂಚಿನ ಪುಟ್ಟ ‘ಪಿಕ್ನಿಕ್ ಕಾರ್ನರ್’. 1974ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಮೃಗಾಲಯ ಮತ್ತು ಸಫಾರಿ ಇರುವ ಭಾಗ ಬೇರೆಯಾಗಿ, ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿ ಜೈವಿಕ ಉದ್ಯಾನವಾಯಿತು. 2006ರಲ್ಲಿ ಏಳೂವರೆ ಎಕರೆಯಲ್ಲಿ ಚಿಟ್ಟೆ ಉದ್ಯಾನ ಬಂತು; ದೇಶದಲ್ಲಿ ಅದೇ ಮೊದಲನೆಯದು. 2024ರ ಜೂನ್‌ನಲ್ಲಿ 20 ಹೆಕ್ಟೇರ್ ಜಾಗದಲ್ಲಿ ಚಿರತೆ ಸಫಾರಿ ಶುರುವಾಯಿತು. 2025ರ ಜುಲೈನಲ್ಲಿ ಇಲ್ಲಿಂದ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು, ಬದಲಿಗೆ ಹೊಸ ಪ್ರಾಣಿಗಳನ್ನು ತರುವ ವಿನಿಮಯ ಒಪ್ಪಂದದ ಮೇಲೆ. ಅಂದರೆ ಐದು ವರ್ಷದ ಹಿಂದೆ ನೀವು ನೋಡಿದ ಬನ್ನೇರುಘಟ್ಟವೇ ಈಗಲೂ ಇದೆ ಎಂದುಕೊಳ್ಳಬೇಡಿ. ನೋಡುವುದು ಹೆಚ್ಚಾಗಿದೆ, ಜನ ಅದಕ್ಕಿಂತ ಹೆಚ್ಚಾಗಿದ್ದಾರೆ. ದಿನ ಮಾತ್ರ ಅಷ್ಟೇ ಉದ್ದ.

ದಿನ ಆರಿಸುವುದು

ಮಂಗಳವಾರ ವಾರದ ರಜೆ. ದಸರೆ, ಬೇಸಿಗೆಯಂಥ ರಜೆ ಕಾಲದಲ್ಲಿ ಕೆಲವೊಮ್ಮೆ ಮಂಗಳವಾರವೂ ತೆರೆಯುವುದುಂಟು. ಆ ಸುದ್ದಿ ಎಲ್ಲರಿಗೂ ತಲುಪಿರುವುದಿಲ್ಲವಾದ್ದರಿಂದ ಅಂಥ ಮಂಗಳವಾರ ಸಿಕ್ಕರೆ ಬಿಡಬೇಡಿ. ಭಾನುವಾರ ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೂ ಒಟ್ಟಿಗೆ ರಜೆ; ಆ ಜನವೆಲ್ಲ ಇದೇ ರಸ್ತೆಗೆ ಬರುತ್ತಾರೆ. ಕ್ರಿಸ್‌ಮಸ್‌ನಿಂದ ಜನವರಿ 1ರವರೆಗಿನ ವಾರವಂತೂ ಚಿಕ್ಕ ಮಕ್ಕಳಿರುವವರಿಗೆ ಬೇಡವೇ ಬೇಡ.

ವಾರದ ನಡುವೆ ಹೋದರೆ ಖಾಲಿ ಇರುತ್ತದೆ ಎಂಬುದು ಪೂರ್ತಿ ನಿಜವಲ್ಲ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಬುಧವಾರ ಬೆಳಿಗ್ಗೆ ಹತ್ತು ಶಾಲಾ ಬಸ್ಸು ಒಟ್ಟಿಗೆ ಬಂದು ನಿಂತರೆ ಭಾನುವಾರಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ನನ್ನನ್ನು ಕೇಳಿದರೆ ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಬುಧವಾರ, ಗುರುವಾರಗಳೇ ಚೆನ್ನ. ಶಾಲೆ ಶುರುವಾಗಿರುತ್ತದೆ, ಬಿಸಿಲಿರುವುದಿಲ್ಲ, ತಂಪಿಗೆ ಪ್ರಾಣಿಗಳು ಎದ್ದು ಓಡಾಡುತ್ತಿರುತ್ತವೆ. ಮಕ್ಕಳಿಗೆ ಒಂದು ದಿನ ಶಾಲೆ ತಪ್ಪಿದರೆ ತಪ್ಪಲಿ.

ಹೋಗುವ ದಾರಿ

ಆನೇಕಲ್‌ನಿಂದ ಜಿಗಣಿ ಮೇಲೆ ಹೋಗುವುದು ಹತ್ತಿರದ ದಾರಿ. ಆದರೆ ಕೆಲಸದ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಜಿಗಣಿ ದಾಟುವುದು ಕಷ್ಟ. ಜನರಲ್ ಶಿಫ್ಟ್‌ನ ಕಂಪನಿ ಬಸ್ಸುಗಳು, ಗ್ರಾನೈಟ್ ದಿಮ್ಮಿ ಹೊತ್ತ ಲಾರಿಗಳು ಒಂದೇ ರಸ್ತೆಯಲ್ಲಿ ಸಿಗುತ್ತವೆ. ಎಂಟರೊಳಗೆ ಜಿಗಣಿ ದಾಟಿಬಿಡಿ. ಬೇಗ ತಲುಪಿದರೆ ಬನ್ನೇರುಘಟ್ಟದ ಚಂಪಕಧಾಮಸ್ವಾಮಿ ದೇವಸ್ಥಾನಕ್ಕೆ ಹೋಗಿ ಬರಬಹುದು. ಹಿರಿಯರು ಜೊತೆಗಿದ್ದರೆ ಅವರಿಗೂ ಸಮಾಧಾನ.

ಬಸ್ಸಿನವರಿಗೆ ಮೆಜೆಸ್ಟಿಕ್‌ನಿಂದ 365 ನಂಬರ್ ಬಿಎಂಟಿಸಿ ಇದೆ. ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ, ನಗರದ ಕಡೆಯಿಂದ ಬರುವ ನೆಂಟರನ್ನು ಬೊಮ್ಮಸಂದ್ರಕ್ಕೆ ಕರೆಸಿಕೊಂಡು ಅಲ್ಲಿಂದ ಜಿಗಣಿ ಲಿಂಕ್ ರಸ್ತೆಯಲ್ಲಿ ಒಟ್ಟಿಗೆ ಹೋಗುವುದು ಸುಲಭವಾಗಿದೆ.

ಟಿಕೆಟ್, ಮತ್ತು ಸಾಲು ಯಾಕೆ ನಿಧಾನ

ಹಿಂದಿನ ದಿನವೇ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಟಿಕೆಟ್ ತೆಗೆದಿಡಿ. ದರ ಆಗಾಗ ಪರಿಷ್ಕರಣೆಯಾಗುವುದರಿಂದ ಹಳೆಯ ಲೆಕ್ಕ ಹಿಡಿದುಕೊಂಡು ಹೋಗಬೇಡಿ. ಮೃಗಾಲಯ, ಸಫಾರಿ, ಚಿಟ್ಟೆ ಉದ್ಯಾನ ಮೂರೂ ಸೇರಿದೆಯೇ ಎಂದು ದುಡ್ಡು ಕಟ್ಟುವ ಮುನ್ನ ಒಮ್ಮೆ ನೋಡಿ. ಮೃಗಾಲಯದ ಟಿಕೆಟ್ ಮಾತ್ರ ತೆಗೆದುಕೊಂಡು ಒಳಗೆ ಹೋಗಿ ಸಫಾರಿ ಎಲ್ಲಿ ಎಂದು ಕೇಳುವವರು ಪ್ರತಿ ಸಲವೂ ಸಿಗುತ್ತಾರೆ.

ಬಿಡದಿಯ ವಂಡರ್‌ಲಾದಂಥ ಕಡೆ ಯಂತ್ರದ ಆಟ. ಒಂದು ಸುತ್ತಿಗೆ ಇಷ್ಟು ಜನ, ಗಂಟೆಗೆ ಇಷ್ಟು ಸುತ್ತು ಎಂದು ಲೆಕ್ಕ ಹಾಕಿ ಸಾಲು ಸಾಗಿಸಬಹುದು. ಸಫಾರಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹುಲಿಯ ಆವರಣಕ್ಕೆ ಬಸ್ ಹೋಗುವುದನ್ನು ಗಮನಿಸಿ. ಮೊದಲ ಗೇಟ್ ತೆರೆಯುತ್ತದೆ, ಬಸ್ ಒಳಗೆ ಹೋಗಿ ನಿಲ್ಲುತ್ತದೆ. ಹಿಂದಿನ ಗೇಟ್ ಪೂರ್ತಿ ಮುಚ್ಚಿ ಚಿಲಕ ಬಿದ್ದ ಮೇಲೆಯೇ ಮುಂದಿನ ಗೇಟ್ ತೆರೆಯುವುದು. ಆ ಎರಡು ಗೇಟುಗಳ ನಡುವೆ ನಿಂತ ಒಂದೆರಡು ನಿಮಿಷ ಬಸ್ಸಿನಲ್ಲಿ ಎಲ್ಲರೂ ತಂತಾನೇ ಪಿಸುಮಾತಿಗೆ ಇಳಿಯುತ್ತಾರೆ. ಹುಲಿಗೊಂದು, ಸಿಂಹಕ್ಕೊಂದು, ಕರಡಿಗೊಂದು ಎಂದು ಪ್ರತಿ ಆವರಣಕ್ಕೂ ಇದೇ ಕ್ರಮ. ಹೊರಗೆ ಎಷ್ಟೇ ಬಸ್ಸು ಕೂಡಿಸಿದರೂ ಗೇಟಿನ ವೇಗಕ್ಕಿಂತ ಬೇಗ ಸಾಲು ಸಾಗದು, ಸಾಗಲೂಬಾರದು. ಹಾಗಾಗಿ ಅಲ್ಲಿನ ಸಿಬ್ಬಂದಿ ಮೇಲೆ ರೇಗಬೇಡಿ. ಆ ತಡವೇ ನಿಮ್ಮ ಮಗುವಿನ ರಕ್ಷಣೆ.

ಬೆಳಿಗ್ಗೆ ಸಫಾರಿ

ಒಂಬತ್ತೂವರೆಗೆ ಬಾಗಿಲು ತೆರೆಯುತ್ತದೆ. ಒಂಬತ್ತಕ್ಕೇ ಅಲ್ಲಿರಿ, ಟಿಕೆಟ್ ಕೈಯಲ್ಲಿದ್ದರೆ ನೇರ ಸಫಾರಿ ಕಡೆಗೆ ನಡೆಯಿರಿ. ದಾರಿಯಲ್ಲಿ ಮಕ್ಕಳು ಹಕ್ಕಿ, ಮೊಸಳೆ ಎಂದು ನಿಲ್ಲುತ್ತಾರೆ. ಸಂಜೆ ನೋಡೋಣ ಎಂದು ಒಪ್ಪಿಸಿ ಕರೆದೊಯ್ಯಿರಿ. ಬೆಳಗಿನ ಮೊದಲ ಬಸ್ಸುಗಳಲ್ಲಿ ಹೋದವರಿಗೆ ಹುಲಿ ನಡೆಯುವುದು ಕಾಣುತ್ತದೆ. ಹನ್ನೆರಡರ ಮೇಲೆ ಹೋದವರಿಗೆ ಪೊದೆಯ ನೆರಳಿನಲ್ಲಿ ಒಂದು ಕಿವಿ ಕಂಡರೆ ಪುಣ್ಯ.

ಕರಡಿಗಳ ಹತ್ತಿರ ಬಂದಾಗ ಮಕ್ಕಳಿಗೆ ಒಂದು ಮಾತು ಹೇಳಿ. ಇಲ್ಲಿಗೆ ಬಂದ ಕರಡಿಗಳಲ್ಲಿ ಹಲವು, ಮೂಗಿಗೆ ಹಗ್ಗ ಪೋಣಿಸಿ ಬೀದಿಬೀದಿಯಲ್ಲಿ ಕುಣಿಸುತ್ತಿದ್ದ ಕಾಲದಿಂದ ಬಿಡಿಸಿ ತಂದವು. ಬನ್ನೇರುಘಟ್ಟದಲ್ಲಿ ಅವಕ್ಕಾಗಿಯೇ ಪುನರ್ವಸತಿ ಕೇಂದ್ರವಿದೆ. ನನ್ನ ಅತ್ತೆಯವರಿಗೆ ಆ ಕುಣಿಸುವವರ ಡಮರು ಸದ್ದು ಇನ್ನೂ ನೆನಪಿದೆ. ಅವರು ಹೇಳಿದ್ದನ್ನು ಕೇಳಿದ ಮೇಲೆ ಮಕ್ಕಳು ಕರಡಿಯನ್ನು ನೋಡಿದ ರೀತಿಯೇ ಬೇರೆಯಾಗಿತ್ತು.

ಚಿರತೆ ಸಫಾರಿಯಲ್ಲಿ ಹುಷಾರಾಗಿರಿ. ಚಿರತೆ ಮರ ಹತ್ತುತ್ತದೆ, ನಿಂತಲ್ಲಿಂದ ಚಿಮ್ಮುತ್ತದೆ. ಅದಕ್ಕೆಂದೇ ಅಲ್ಲಿನ ಬೇಲಿ ನಾಲ್ಕೂವರೆ ಮೀಟರ್ ಎತ್ತರ. 2025ರ ಆಗಸ್ಟ್‌ನಲ್ಲಿ ಸಫಾರಿ ವಾಹನದ ಕಿಟಕಿ ಬಳಿ ಕೂತಿದ್ದ ಬಾಲಕನೊಬ್ಬನ ತೋಳಿಗೆ ಚಿರತೆಯ ಉಗುರು ತಾಗಿತು. ಅದೇ ನವೆಂಬರ್‌ನಲ್ಲಿ ಚೆನ್ನೈನಿಂದ ಬಂದಿದ್ದ ಮಹಿಳೆಯೊಬ್ಬರ ಮೇಲೂ ಕಿಟಕಿಯ ಮೂಲಕ ಎರಗಿ ಗಾಯಗೊಳಿಸಿತು. ಆ ಬಳಿಕ ಎಸಿ ಇಲ್ಲದ ಬಸ್ಸುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಆದ್ದರಿಂದ ಮಕ್ಕಳನ್ನು ಕಿಟಕಿಯಿಂದ ಒಂದು ಸೀಟು ಒಳಗೆ ಕೂರಿಸಿ. ಜಾಲರಿ ಇದೆಯೆಂದು ಅದಕ್ಕೆ ಬೆರಳು ತೂರಿಸುವುದು, ಮೊಬೈಲ್ ಒತ್ತಿ ಹಿಡಿಯುವುದು ಬೇಡ. ಸೆರಗು, ದುಪಟ್ಟಾ ಒಳಗೆ ಸಿಕ್ಕಿಸಿಕೊಳ್ಳಿ. ಫೋಟೊ ಚೆನ್ನಾಗಿ ಬರದಿದ್ದರೆ ಹೋಗಲಿ.

ಬಿಸಿಲೇರಿದಾಗ ಚಿಟ್ಟೆ

ಎಲ್ಲರೂ ಕೊನೆಗೆ, ಸುಸ್ತಾದ ಮೇಲೆ, ಸಂಜೆ ನಾಲ್ಕಕ್ಕೆ ಚಿಟ್ಟೆ ಉದ್ಯಾನಕ್ಕೆ ಹೋಗುತ್ತಾರೆ. ಒಂದೂ ಕಾಣಲಿಲ್ಲ ಎಂದು ಬೈದುಕೊಂಡು ಬರುತ್ತಾರೆ. ಚಿಟ್ಟೆಯದು ತಣ್ಣನೆಯ ಮೈ. ರೆಕ್ಕೆಗೆ ಬಿಸಿಲು ತಾಗಿ ಮೈ ಬೆಚ್ಚಗಾಗದೆ ಅದು ಹಾರಲಾರದು. ಹನ್ನೊಂದರಿಂದ ಒಂದರ ನಡುವೆ, ಚೆನ್ನಾಗಿ ಬಿಸಿಲಿದ್ದಾಗ ಹೋಗಿ. ಆಗ ಸಫಾರಿ ಸಾಲು ತುಂಬಿರುತ್ತದೆ, ಇಲ್ಲಿ ಜನ ಕಡಿಮೆ. ಜೂನ್–ಆಗಸ್ಟ್ ಚೆನ್ನ ಎಂದೆನಲ್ಲ, ಆಗಿನ ಮೋಡಕ್ಕೆ ಚಿಟ್ಟೆ ಮಾತ್ರ ಕಡಿಮೆಯೇ.

ಪಾರದರ್ಶಕ ಚಾವಣಿಯ ದುಂಡನೆಯ ಕಟ್ಟಡದೊಳಗೆ ಹೋದ ಕೂಡಲೇ ನಡೆಯಬೇಡಿ. ಒಂದು ಹೂಗಿಡದ ಪಕ್ಕ ಐದು ನಿಮಿಷ ಸುಮ್ಮನೆ ನಿಲ್ಲಿ. ಕಳೆದ ಸಲ ಅಕ್ಕನ ಮಗಳು ಹಾಗೆ ನಿಂತಿದ್ದಾಗ, ಒಣಗಿದ ಎಲೆ ಎಂದುಕೊಂಡಿದ್ದದ್ದು ರೆಕ್ಕೆ ಬಿಡಿಸಿತು. ಬೆವರಿದ ಅವಳ ಮಣಿಕಟ್ಟಿನ ಮೇಲೆ ಇನ್ನೊಂದು ಕೂತು, ಗಡಿಯಾರದ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿಕೊಂಡಿದ್ದ ನಾಲಿಗೆ ಬಿಚ್ಚಿ ಉಪ್ಪು ಹೀರಿತು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಮುಟ್ಟಬಾರದು, ಹಿಡಿಯಬಾರದು, ಬೆರಳಿಗೆ ಹತ್ತುವ ಆ ಪುಡಿ ರೆಕ್ಕೆಯ ಹುರುಪೆ, ಉದುರಿದರೆ ಮತ್ತೆ ಬೆಳೆಯದು. ಮನೆಗೆ ಬಂದ ಮೇಲೆ ಹಿತ್ತಲ ಕರಿಬೇವಿನ ಎಲೆಗಳನ್ನು ಮಕ್ಕಳ ಜೊತೆ ಹುಡುಕಿ. ಹಕ್ಕಿಯ ಹಿಕ್ಕೆಯಂತೆ ಕಂದು–ಬಿಳಿ ಮೆತ್ತಿಕೊಂಡ ಹುಳು ಕಂಡರೆ ಅದು ಸಾಮಾನ್ಯವಾಗಿ ಮಾರ್ಮನ್ ಚಿಟ್ಟೆಯ ಮರಿ. ಔಷಧಿ ಹೊಡೆಯಬೇಡಿ.

ಊಟ, ಕೋತಿ, ಮತ್ತೆ ಮೃಗಾಲಯ

ಮೊಸರನ್ನ, ಪುಳಿಯೋಗರೆ ಸ್ಟೀಲ್ ಡಬ್ಬಿಯಲ್ಲಿ ಇರಲಿ. ಪ್ಲಾಸ್ಟಿಕ್ ಕವರ್ ಬೇಡ: ಉದ್ಯಾನಕ್ಕೂ ಕೇಡು, ಕೋತಿಗೂ ಆಹ್ವಾನ. ಕವರಿನ ಸರಸರ ಸದ್ದು ಕೇಳಿದರೆ ಸಾಕು, ಮರದಿಂದ ಇಳಿಯುತ್ತವೆ. ಬಾಳೆಹಣ್ಣು ಕಸಿಯಿತೆಂದು ಮತ್ತೆ ಎಳೆದಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ ಆಸ್ಪತ್ರೆ ಅಲೆದಾಟ.

ಮಗು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಊಟದ ಹೊತ್ತಿಗೇ, ಎಲ್ಲರೂ ಡಬ್ಬಿ ಬಿಚ್ಚುವಾಗ. ಬೆಳಿಗ್ಗೆ ಹೊರಡುವಾಗಲೇ ಮಗುವಿನ ಫೋಟೊ ಒಂದು ತೆಗೆದಿಡಿ, ಅಂದು ಹಾಕಿದ ಬಟ್ಟೆಯಲ್ಲಿ. ಹುಡುಕುವ ಸಿಬ್ಬಂದಿಗೆ ಬೇಕಾಗುವುದು ಅದೇ. ಅಮ್ಮನ ನಂಬರನ್ನು ತೋಳಿನ ಒಳಗೆ ಪೆನ್ನಿನಲ್ಲಿ ಬರೆಯಿರಿ. ಐದು ದಾಟಿದ ಮಕ್ಕಳಿಗೆ ಮುಖ್ಯದ್ವಾರ ತೋರಿಸಿ, ತಪ್ಪಿಸಿಕೊಂಡರೆ ಇಲ್ಲಿಗೆ ಬಂದು ಖಾಕಿ ಹಾಕಿದವರ ಹತ್ತಿರ ನಿಲ್ಲಬೇಕು ಎಂದು ಹೇಳಿಕೊಡಿ.

ಎರಡೂವರೆ ಮೇಲೆ ಮೃಗಾಲಯ. ಮಂಡಿನೋವಿನವರಿಗೆ ಬ್ಯಾಟರಿ ಗಾಡಿ ಕೇಳಿ, ನಾಚಿಕೆ ಬೇಡ. ಜಿರಾಫೆ, ನೀರಾನೆ, ಜೀಬ್ರಾ ನೋಡಿಕೊಂಡು ಮೂರೂವರೆ ದಾಟಿದ ಮೇಲೆ ದೊಡ್ಡ ಬೆಕ್ಕುಗಳ ಕಡೆ ಹೋಗಿ. ಸಂಜೆಯ ಊಟಕ್ಕೆ ಮನೆಯೊಳಗೆ ಕರೆಯುವ ಹೊತ್ತು ಹತ್ತಿರವಾದಂತೆ ಮಧ್ಯಾಹ್ನವಿಡೀ ಮಲಗಿದ್ದವು ಎದ್ದು ಬಾಗಿಲ ಬಳಿ ಅತ್ತಿಂದಿತ್ತ ಸುಳಿಯುತ್ತವೆ. ಗಾಜು ಬಡಿಯುವವರು ಕಂಡರೆ ಬೇಡ ಎಂದು ಬಾಯಿಬಿಟ್ಟು ಹೇಳಿ.

ಏಪ್ರಿಲ್, ಮೇನಲ್ಲಿ ಹೋದವರು ನಾಲ್ಕಕ್ಕೇ ಹೊರಬನ್ನಿ. ನಮ್ಮೂರ ಹೆಸರಿಗೆ ಆನೆಕಲ್ಲೇ, ಅಂದರೆ ಆಲಿಕಲ್ಲೇ, ಮೂಲ ಎನ್ನುವುದುಂಟು. ಬೇಸಿಗೆಯ ಮಧ್ಯಾಹ್ನದ ಮೇಲೆ ಆನೆಕಲ್ಲು ಮಳೆ ಹೊಡೆದರೆ ಬಯಲಿನಲ್ಲಿ ನಿಲ್ಲಲು ಜಾಗ ಸಿಗದು. ಐದಕ್ಕೆ ಗೇಟು ಮುಚ್ಚಿದಾಗ ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಜಿಗಣಿಯಲ್ಲಿ ಕಂಪನಿ ಬಸ್ಸುಗಳೂ ಅದೇ ಹೊತ್ತಿಗೆ ಹೊರಡುತ್ತವೆ. ನಾಲ್ಕೂಕಾಲಿಗೆ ಗಾಡಿ ಎತ್ತಿದರೆ ದೀಪ ಹಚ್ಚುವ ಮುಂಚೆ ಮನೆ ಸೇರಬಹುದು.