ಕೋಡಿ ನೀರಿಗೆ ಎದುರೀಜುವ ಮೀನು

ಮಲ್ಲಾಘಟ್ಟ ಕೆರೆ ಕೋಡಿ ಬಿತ್ತಂತೆ, ರಜೆಗೆ ಊರಿಗೆ ಬಂದಾಗ ಹಳ್ಳದಲ್ಲಿ ಗಾಳ ಹಾಕಬಹುದೇ ಎಂದು ಕೇಳಿದ್ದೀರಿ. ಟೊರಾಂಟೊ ಬಳಿಯ ಕ್ರೆಡಿಟ್ ನದಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂಟಾರಿಯೊ ಸರೋವರದಿಂದ ಸಾಲ್ಮನ್ ಹತ್ತುವುದನ್ನು ಕಂಡವರಿಗೆ ಹಸ್ತ, ಚಿತ್ತೆ ಮಳೆಯ ನಮ್ಮ ಹಳ್ಳ ನೆನಪಾಗುವುದು ಸಹಜ. ಆದರೆ ಎರಡೂ ಒಂದೇ ಅಲ್ಲ. ಅಲ್ಲಿನ ಚಿನೂಕ್ ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ. ನಮ್ಮ ಕಾಟ್ಲಾ, ರೋಹು ಹರಿಯುವ ನೀರು ಕಂಡರೆ ಎದುರೀಜುತ್ತವೆ, ನಿಜ. ನಿಂತ ಕೆರೆಯಲ್ಲಿ ಮಾತ್ರ ಮರಿ ಮಾಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಹಾರ್ಮೋನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಕೆರೆಗೂ ಮರಿ ಸಿಗುವಂತಾದದ್ದು. ಅಂದರೆ ಆ ಮೀನು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟದ್ದು. ಕೆರೆ ಗುತ್ತಿಗೆ ಹಿಡಿದವರನ್ನು ಮೊದಲು ಮಾತಾಡಿಸಿ. ‘ಹಳ್ಳ ನಮ್ಮ ತೆಂಗಿನ ತೋಟದ ಬದುವಿನಲ್ಲೇ ಹೋಗುತ್ತೆ’ ಎಂಬ ನಿಮ್ಮ ಚಿಕ್ಕಪ್ಪನವರ ವಾದ ಅರಳಿಕಟ್ಟೆಯಲ್ಲೂ ನಿಲ್ಲದು.

ಗುತ್ತಿಗೆಯವರು ಒಪ್ಪಿದರೆ, ಕೋಡಿಯ ಕಲ್ಲಿನ ಮೇಲಂತೂ ನಿಲ್ಲಬೇಡಿ, ಪಾಚಿ ಜಾರುತ್ತದೆ. ಹಳ್ಳ ಕೆರೆಗೆ ಸೇರುವಲ್ಲಿ, ಕೆಂಪು ನೀರು ತಿಳಿನೀರಿಗೆ ಕೂಡುವ ಅಂಚಿನಲ್ಲಿ ಎರೆಹುಳು ಚುಚ್ಚಿ ಗಾಳ ಬಿಡಿ. ಹರಿವಿಗೆ ಅಡ್ಡಲಾಗಿ ಕೂಳಿ ಇಡುವುದು ಬೇಡ.

ಜೊಂಡಿನ ಸಂದಿಯಲ್ಲಿ ಕೆಂಪನೆಯ ಮರಿಗಳ ಗುಂಪು ಉಸಿರಿಗೆಂದು ಮೇಲೆ ಬಂದು ನೀರು ಕುದಿದಂತೆ ಕಂಡರೆ, ಕೆಳಗೆ ಕೊರವ ಮೀನು ಕಾವಲಿದೆ ಎಂದು ತಿಳಿಯಿರಿ. ಗಾಳ ಇಳಿಸಿದೊಡನೆ ಎರಗುತ್ತದೆ, ಬೇಟೆ ಸುಲಭ. ದಯವಿಟ್ಟು ಬಿಟ್ಟುಬಿಡಿ. ಕಾವಲಿನದನ್ನು ಎತ್ತಿದಿರೋ, ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ.